ರಾಕೆಟ್ಟಿನಿಂದ ಇಳಿಯುವ ಧಣಿ

ಹಳ್ಳಿಯಲ್ಲಿ ಪಟೇಲಿಕೆ ಹೋಯಿತು ಅಂತ ನಾವು ಖುಷಿಪಟ್ಟೆವು. ಆಮೇಲೆ ನೋಡಿದರೆ ಪಟೇಲನ ಮಗ ಸೊಸೈಟಿ ಅಧ್ಯಕ್ಷನಾಗಿ ಅದೇ ಜಗಲಿ ಮೇಲೆ ಕೂತಿದ್ದ. ರುಮಾಲು ಹೋಗಿ ಸಫಾರಿ ಬಂದಿತ್ತು, ಅಷ್ಟೆ. ನಾವು ನಿಲ್ಲುವ ಜಾಗ ಮಾತ್ರ ಅದೇ ಅಂಗಳ. ಕಾಗದದ ಮೇಲಿನ ಧಣಿಗಳೂ ಹೀಗೇ ಮರಳಿ ಬರುತ್ತಾರೆ. ಅಂಥ ಒಬ್ಬ ಧಣಿಯ ಬಗ್ಗೆ ಈ ಬರಹ.

ಅವನ ಹೆಸರು ಫ್ಲ್ಯಾಶ್ ಗಾರ್ಡನ್. 1934ರ ಜನವರಿ 7ರಂದು ಅಮೆರಿಕದ ಪತ್ರಿಕೆಗಳಲ್ಲಿ ಹುಟ್ಟಿದ. ಬರೆದವನು ಅಲೆಕ್ಸ್ ರೇಮಂಡ್ ಎಂಬ ಚಿತ್ರಗಾರ. ಭೂಮಿಗೆ ಡಿಕ್ಕಿ ಹೊಡೆಯಲು ಬರುತ್ತಿರುವ ಮೊಂಗೋ ಎಂಬ ಗ್ರಹ, ಅಲ್ಲಿ ಮಿಂಗ್ ಎಂಬ ಕ್ರೂರ ಚಕ್ರವರ್ತಿ, ಅವನನ್ನು ಸದೆಬಡಿಯಲು ರಾಕೆಟ್ಟಿನಲ್ಲಿ ಹೋಗುವ ನಮ್ಮ ನಾಯಕ. ಪತ್ರಿಕೆಯಲ್ಲಿ ಅವನ ಹೊಸ ಕಥೆಗಳು 2003ರಲ್ಲಿ ನಿಂತವು. ಇಪ್ಪತ್ತು ವರ್ಷದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಅವನ ಒಡೆತನ ಹೊಂದಿರುವ ಕಿಂಗ್ ಫೀಚರ್ಸ್ ಕಂಪನಿ ಅವನನ್ನು ಮತ್ತೆ ಎಬ್ಬಿಸಿ ಕೂರಿಸಿತು. ಅದಕ್ಕೂ ಮೊದಲು, 2011ರಲ್ಲಿ, 2014ರಲ್ಲಿ, ಬೇರೆ ಕಂಪನಿಯವರು ಅವನ ಹೊಸ ಪುಸ್ತಕಗಳನ್ನು ತಂದಿದ್ದರು. ಸತ್ತನೆಂದರೆ ಎದ್ದು ಬರುತ್ತಾನೆ.

ಅಮೆರಿಕದ ಗೊಂಬೆ ಎದ್ದರೆ ಚಿಕ್ಕಬಳ್ಳಾಪುರದವರಿಗೆ ಏನಾಗಬೇಕು ಅಂತ ನೀವು ಕೇಳಬಹುದು. ಆಗಬೇಕಾದ್ದು ಬಹಳ ಇದೆ. ಅದನ್ನು ಹೇಳೋಕೇ ಕೂತಿದ್ದೇವೆ.

1

ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚ್‌ನಲ್ಲಿ ಶುರುವಾಯಿತು, 1990ರಲ್ಲಿ ನಿಂತಿತು. ಟೈಮ್ಸ್ ಆಫ್ ಇಂಡಿಯಾದ ದೊಡ್ಡ ಬಂಡವಾಳದ ಕೂಸು. ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಎಲ್ಲ ಅದರಲ್ಲೇ ನಮ್ಮೂರಿಗೆ ಬಂದವರು. ನಾವ್ಯಾರೂ ಅದನ್ನು ಕೊಂಡು ಓದಿದವರಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಅಲ್ಲೇ ಕೂತು ಓದಿ ಅಲ್ಲೇ ಕೊಡಬೇಕು. ಐದು ಜನ ಹುಡುಗರು ಸೇರಿ ಹತ್ತು ಪೈಸೆ ಹಾಕಿ ಒಂದು ಪುಸ್ತಕ ತಗೊಂಡು ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು. ಓದು ಬರುವವನು ಗಟ್ಟಿಯಾಗಿ ಓದಬೇಕು, ಬಾರದವನು ಚಿತ್ರ ನೋಡಬೇಕು.

ನಮ್ಮ ಗುಂಪಿನಲ್ಲಿ ಒಬ್ಬ ಶಿಡ್ಲಘಟ್ಟದವನಿದ್ದಾನೆ. ಸ್ಕೂಲು ಬಿಡಿಸಿ ಅವನನ್ನು ಫಿಲೇಚರ್‌ಗೆ ಹಾಕಿದ್ದರು. ದಿನವಿಡೀ ಬಿಸಿನೀರಿನಲ್ಲಿ ರೇಷ್ಮೆಗೂಡು ಆಡಿಸಿ ಬೆರಳು ಬೆಂದು ಬಿಳುಚಿಕೊಂಡಿರುತ್ತಿತ್ತು. ಪುಟ ಹರಿದೀತು ಅಂತ ಅಂಗಡಿಯವನು ಅವನ ಕೈಗೆ ಪುಸ್ತಕ ಕೊಡುತ್ತಿರಲಿಲ್ಲ. ಇವನು ಇನ್ನೊಬ್ಬನ ಭುಜದ ಮೇಲಿಂದ ಇಣುಕಿ ನೋಡುತ್ತಿದ್ದ. ಈಗ ಅವನಿಗೆ ವಯಸ್ಸಾಗಿದೆ. ಮೊನ್ನೆ ಹೇಳಿದ: 'ಅಣ್ಣ, ಆವಾಗ ನಂಗೆ ಅನ್ನಿಸ್ತಿದ್ದಿದ್ದು ಒಂದೇ. ಈ ಬಂಗಾರದ ಕೂದಲಿನವ್ನು ಒಂದಿನ ನಮ್ ಫಿಲೇಚರ್ ಮುಂದೆ ರಾಕೆಟ್ ಇಳಿಸ್ತಾನೆ, ನಮ್ ಯಜಮಾನನ್ನ ಒದೀತಾನೆ ಅಂತ. ನಾನೇ ಒದೀಬೋದು ಅಂತ ಒಂದಿನಾನೂ ಹೊಳೀಲಿಲ್ಲ ನೋಡು.'

ಗೆಳೆಯರೆ, ನಾವು ಹೇಳಬೇಕಾದ ಮಾತೆಲ್ಲ ಇದೊಂದು ಮಾತಿನಲ್ಲೇ ಇದೆ. 'ನಾನೇ ಒದೀಬೋದು ಅಂತ ಹೊಳೀಲಿಲ್ಲ.' ಅವನಿಗೆ ಹೊಳೆಯದಂತೆ ಮಾಡಿದ್ದು ಯಾವುದು? ಆ ಕಥೆಗಳನ್ನು ಹೇಳುವ ರೀತಿ.

2

ಮೊದಲು ಈ ನಾಯಕನ ವಂಶ ನೋಡೋಣ. ಜಾತಕ ನೋಡುವುದು ನಮ್ಮ ಅಭ್ಯಾಸವಲ್ಲ, ಆದರೆ ಧಣಿಗಳ ಜಾತಕ ನೋಡಲೇಬೇಕು.

1912ರಲ್ಲಿ ಎಡ್ಗರ್ ರೈಸ್ ಬರೋಸ್ ಎಂಬವನು ಮಂಗಳ ಗ್ರಹಕ್ಕೆ ಹೋಗುವ ಜಾನ್ ಕಾರ್ಟರ್ ಎಂಬ ವೀರನ ಕಥೆ ಬರೆದ. ಈ ಕಾರ್ಟರ್ ಯಾರು? ವರ್ಜೀನಿಯಾದ ಕ್ಯಾಪ್ಟನ್. ಅಮೆರಿಕದ ಒಳಯುದ್ಧದಲ್ಲಿ ಕರಿಯರ ಗುಲಾಮಗಿರಿ ಉಳಿಯಲಿ ಎಂದು ಹೋರಾಡಿದ ದಕ್ಷಿಣದ ಸೈನ್ಯದವನು. ಭೂಮಿಯ ಮೇಲೆ ಅವನ ಪಕ್ಷ ಸೋತಿತು. ಸೋತವನು ಮಂಗಳಕ್ಕೆ ಹೋಗಿ ಅಲ್ಲಿಯ ಜನರಿಗೆ ನಾಯಕನಾದ. ಇಲ್ಲಿ ಕಳೆದುಕೊಂಡ ಯಜಮಾನಿಕೆಯನ್ನು ಅಲ್ಲಿ ಪಡೆದ.

1928ರಲ್ಲಿ ಬಕ್ ರೋಜರ್ಸ್‌ನ ಕಥೆ ಬಂತು. 1929ರ ಜನವರಿ 7ರಿಂದ ಅದು ಚಿತ್ರಕಥೆಯಾಯಿತು. ಐನೂರು ವರ್ಷ ನಿದ್ದೆ ಮಾಡಿ ಎದ್ದ ಬಿಳಿಯ. ಎದ್ದು ನೋಡಿದರೆ ಅವನ ದೇಶವನ್ನು ಏಷ್ಯಾದ ಹಳದಿ ಜನ ಆಳುತ್ತಿದ್ದಾರೆ. ಅವರನ್ನು ಓಡಿಸುವುದೇ ಕಥೆ. ಈ ಬಕ್‌ನ ವ್ಯಾಪಾರಕ್ಕೆ ಎದುರು ವ್ಯಾಪಾರವಾಗಿ ಹುಟ್ಟಿದವನು ಫ್ಲ್ಯಾಶ್ ಗಾರ್ಡನ್. ಅವನು ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದವನು, ಕುದುರೆ ಮೇಲೆ ಕೂತು ಪೋಲೋ ಆಡುವವನು. ಪೋಲೋ ಯಾರು ಆಡುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವನ ವೈರಿ ಮಿಂಗ್‌ಗೆ ಹಳದಿ ಮೈ, ಇಳಿಬಿದ್ದ ಮೀಸೆ, ಚೀನಾದವರ ಹೆಸರು.

ಮುಗ್ಧ ಮಕ್ಕಳ ಕಥೆ ಅಂತ ನಮಗೆ ಕೊಟ್ಟದ್ದು ಇದನ್ನು.

3

ಈಗ ಹೇಳುವ ರೀತಿಗೆ ಬರೋಣ. ಮನೆ ಕಟ್ಟೋಕೆ ಪಾಯ ಇರುವ ಹಾಗೆ ಈ ಕಥೆಗಳಿಗೂ ಒಂದು ಪಾಯ ಇದೆ. ತೊಂಬತ್ತು ವರ್ಷದಿಂದ ಅದು ಕದಲಿಲ್ಲ.

ಒಂದು: ನಾಯಕ ಹೊರಗಿನಿಂದಲೇ ಬರಬೇಕು. ಮೊಂಗೋದಲ್ಲಿ ಜನ ಇಲ್ಲವೇ? ಬೇಕಾದಷ್ಟಿದ್ದಾರೆ. ಎಷ್ಟೋ ಕಾಲದಿಂದ ಮಿಂಗ್‌ನ ಕಾಟ ಉಂಡವರು ಅವರೇ. ಆದರೆ ಹೇಗೆ ತಿರುಗಿಬೀಳಬೇಕು ಎನ್ನುವ ಬುದ್ಧಿ ಅವರಿಗಿಲ್ಲ. ನಿನ್ನೆ ರಾಕೆಟ್ಟಿನಿಂದ ಇಳಿದವನಿಗೆ ಇದೆ.

ಎರಡು: ಅಲ್ಲಿಯ ಜನಕ್ಕೆ ಜಾತಿಗೊಂದು ಮೈ. ಸಿಂಹದ ಜನ, ಗಿಡುಗದ ಜನ, ನೀರೊಳಗಿನ ಶಾರ್ಕ್ ಜನ. ಗಿಡುಗದವನು ಹಾರಲೇಬೇಕು, ಸಿಂಹದವನು ಗರ್ಜಿಸಲೇಬೇಕು. ಒಬ್ಬೊಬ್ಬರಿಗೂ ಒಂದೊಂದು ಸೀಮೆ, ಒಂದೊಂದು ಗುಣ, ಹುಟ್ಟಿನಿಂದಲೇ ಬಂದದ್ದು. ಒಂದು ಜನ ಇನ್ನೊಂದು ಜನವನ್ನು ನಂಬುವುದಿಲ್ಲ. ಗೆಳೆಯರೆ, ಇದನ್ನು ನಾವು ಎಲ್ಲೋ ಕಂಡ ಹಾಗಿಲ್ಲವೇ? ಬಾಯಿಂದ ಹುಟ್ಟಿದವನು, ತೋಳಿಂದ ಹುಟ್ಟಿದವನು, ತೊಡೆಯಿಂದ, ಪಾದದಿಂದ? ಮನುವನ್ನು ಓದದೆಯೂ ಅಮೆರಿಕದವನು ಮನುವಿನ ಗ್ರಹವೊಂದನ್ನು ಚಿತ್ರ ಬರೆದು ಕೊಟ್ಟ. ಎಲ್ಲ ಸೀಮೆಗಳಲ್ಲೂ ಓಡಾಡುವ ಸ್ವಾತಂತ್ರ್ಯ ಇರುವುದು ಒಬ್ಬನಿಗೇ, ನಾಯಕನಿಗೆ.

ಮೂರು: ದುಡಿಯುವವರಿಗೆ ಚೌಕ ಇಲ್ಲ. ಪುಟ ಪುಟ ತಿರುವಿ ನೋಡಿ. ಅರಮನೆ ಇದೆ, ಸೆರೆಮನೆ ಇದೆ, ಕತ್ತಿವರಸೆ ಇದೆ. ಆ ಅರಮನೆಯ ಕಸ ಯಾರು ಗುಡಿಸಿದರು? ಅಷ್ಟು ದೊಡ್ಡ ಸೈನ್ಯಕ್ಕೆ ರಾಗಿ ಯಾರು ಬೆಳೆದರು? ರಾಕೆಟ್ಟಿನ ಕಕ್ಕಸು ಯಾರು ತೊಳೆದರು? ಕೇಳುವ ಹಾಗಿಲ್ಲ. ದುಡಿಯುವವರು ಬಂದರೂ ಸಂಕೋಲೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನೆರಳಾಗಿ ಬರುತ್ತಾರೆ, ನಾಯಕ ಬಿಡಿಸಲಿ ಅಂತ.

ನಾಲ್ಕು: ರಾಜ ಹೋಗಬಹುದು, ರಾಜನ ಕುರ್ಚಿ ಹೋಗಬಾರದು. ಕೆಟ್ಟ ಮಿಂಗ್‌ಗೆ ಎದುರಾಗಿ ಒಳ್ಳೆಯ ಅರಸ ಬ್ಯಾರಿನ್ ಇದ್ದಾನೆ. ಮಿಂಗ್‌ನ ಮಗಳು ಔರಾಳನ್ನು ಮದುವೆಯಾಗಿ ಅವನು ಮಾವನ ಮನೆತನಕ್ಕೇ ಸೇರುತ್ತಾನೆ. ಕೆಟ್ಟ ಧಣಿಯ ಬದಲು ಒಳ್ಳೆ ಧಣಿ. ಧಣಿಯೇ ಬೇಡ ಎನ್ನುವ ಮಾತಿಗೆ ಆ ಬಲೂನಿನೊಳಗೆ ಜಾಗವಿಲ್ಲ.

ಐದು: ಕಾಯಬೇಕು. ಕೊನೆ ಚೌಕದಲ್ಲಿ ಬೆಂಕಿ, ಇಲ್ಲ ಪ್ರಪಾತ, ಇಲ್ಲ ಎತ್ತಿದ ಕತ್ತಿ. ಕೆಳಗೆ 'ಮುಂದಿನ ವಾರ'. ಮುಂದಿನ ವಾರ ನಾಯಕ ಬಂದೇ ಬರುತ್ತಾನೆ. ಹೀಗೆ ವಾರ ವಾರವೂ ಓದುವವನಿಗೆ ಕಾಯುವುದನ್ನು ಕಲಿಸುತ್ತಾರೆ.

4

ಹಾಗಾದರೆ ಮರುಹುಟ್ಟಿನಲ್ಲಿ ಏನೂ ಬದಲಾಗಿಲ್ಲವೇ? ಬದಲಾಗಿದೆ, ಇಲ್ಲ ಅಂದರೆ ಸುಳ್ಳಾದೀತು. ಡೇಲ್ ಆರ್ಡೆನ್ ಮೊದಲು ಚೀರುವುದಕ್ಕೆ, ಮೂರ್ಛೆ ಹೋಗುವುದಕ್ಕೆ ಮಾತ್ರ ಇದ್ದ ಹೆಂಗಸು. ಹೊಸ ಪುಸ್ತಕಗಳಲ್ಲಿ ಅವಳಿಗೂ ತಲೆ ಇದೆ, ಕೆಲಸ ಇದೆ. ಮಾಂಡ್ರೇಕ್‌ನ ಸೇವಕ ಲೋಥರ್ 1934ರಲ್ಲಿ ಚಿರತೆ ಚರ್ಮ ಸುತ್ತಿಕೊಂಡು ತೊದಲು ಮಾತಾಡುತ್ತಿದ್ದ. 1965ರಲ್ಲಿ ಹೊಸ ಚಿತ್ರಗಾರ ಬಂದ ಮೇಲೆ ಅವನಿಗೆ ಬಟ್ಟೆ ಬಂತು, ಭಾಷೆ ಬಂತು. ಮಿಂಗ್‌ನ ಹಳದಿ ಮೈ ನೋಡಿ ಏಷ್ಯಾದವರು ಉಗಿಯುತ್ತಾರೆ ಎಂದು ಗೊತ್ತಾದ ಮೇಲೆ 1996ರ ಟಿವಿ ಕಾರ್ಟೂನಿನಲ್ಲಿ ಅವನಿಗೆ ಹಸಿರು ಬಣ್ಣ ಬಳಿದು ಹಲ್ಲಿಯಂತೆ ಮಾಡಿದರು.

ಆದರೆ ಬಣ್ಣ ಬದಲಾಯಿಸುವುದು ಬೇರೆ, ಪಾಯ ಕೀಳುವುದು ಬೇರೆ. ಹೋಟೆಲಿನಲ್ಲಿ ನಮಗೆ ಇಟ್ಟಿದ್ದ ಒಡಕು ಲೋಟ ತೆಗೆದು ಪ್ಲಾಸ್ಟಿಕ್ ಲೋಟ ಇಟ್ಟರಲ್ಲ, ಹಾಗೆ. ಲೋಟ ಹೊಸದು, ಬೇರೆ ಲೋಟ ಎನ್ನುವುದು ಹಳೆಯದು. ಯಾವ ಮರುಹುಟ್ಟಿನಲ್ಲಾದರೂ ಮೊಂಗೋದ ಒಬ್ಬ ಕೂಲಿ 'ನೀನು ಯಾಕಪ್ಪ ಬಂದೆ, ನಾವು ನೋಡ್ಕೋತೀವಿ ಹೋಗು' ಅಂದು ಆ ಬಂಗಾರದ ಕೂದಲಿನವನನ್ನು ವಾಪಸು ಕಳಿಸಿ, ಕಥೆ ಅವನಿಲ್ಲದೆ ಮುಂದೆ ನಡೆಯಲಿ ನೋಡೋಣ! ನಡೆಯುವುದಿಲ್ಲ. ಪುಸ್ತಕದ ಹೆಸರೇ ಅವನದ್ದು. ಮುಖಪುಟವನ್ನು ಅವನ ಹೆಸರಿಗೆ ಖಾತೆ ಮಾಡಿಸಿಬಿಟ್ಟಿದ್ದಾರೆ.

5

ಅಮೆರಿಕದವರನ್ನು ಬೈದು ಕೈತೊಳೆದುಕೊಂಡರೆ ಅದು ಸುಲಭದ ಕೆಲಸ. ಅದೇ ಪಾಯದ ಮೇಲೆ ನಮ್ಮವರೂ ಮನೆ ಕಟ್ಟಿದರು. 1976ರಲ್ಲಿ ಇಂದ್ರಜಾಲದವರು 'ಬಹಾದುರ್' ಎಂಬ ದೇಶೀ ನಾಯಕನನ್ನು ತಂದರು. ಕೇಸರಿ ಜುಬ್ಬ, ಜೀನ್ಸ್ ಪ್ಯಾಂಟು. ಚಂಬಲ್ ಕಣಿವೆಯ ಡಕಾಯಿತರನ್ನು ಹಿಡಿಯುವುದು ಅವನ ಕೆಲಸ. ಡಕಾಯಿತಿ ಯಾಕೆ ಹುಟ್ಟಿತು, ಭೂಮಿ ಯಾರ ಕೈಲಿತ್ತು ಎನ್ನುವುದಕ್ಕಿಂತ ಗುಂಡಿನ ಸದ್ದೇ ಅಲ್ಲಿ ಜಾಸ್ತಿ. ಅಮರ ಚಿತ್ರಕಥೆಯ ಬೇರಂತೂ ನಮ್ಮ ಬೆಂಗಳೂರಿನಲ್ಲೇ ಇದೆ. 1965ರಲ್ಲಿ ಮೊದಲು ಕನ್ನಡದಲ್ಲಿ ಬಂದ ಆ ಪುಸ್ತಕಗಳು ಸಿಂಡ್ರೆಲಾ ಮುಂತಾದ ಪಶ್ಚಿಮದ ಕಥೆಗಳು. ಆಮೇಲೆ ಕೃಷ್ಣ ಬಂದ, ರಾಮ ಬಂದ. ದೇವರು ತೆಳ್ಳಗೆ ಬೆಳ್ಳಗೆ, ರಕ್ಕಸರು ದಪ್ಪ ಕಪ್ಪು. ನಮ್ಮ ಅಪ್ಪ ಅಮ್ಮಂದಿರ ಬಣ್ಣವೆಲ್ಲ ರಕ್ಕಸರ ಪಾಲಾಯಿತು.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಎಷ್ಟು ಬೆಂಕಿ ಬಿತ್ತು ಎಂದು ಹಿರಿಯರಿಗೆ ನೆನಪಿದೆ. ದೊಡ್ಡವರ ಪುಸ್ತಕದ ಬೂಸಾ ಬಗ್ಗೆ ನಾವು ಐವತ್ತು ವರ್ಷ ಜಗಳವಾಡಿದೆವು. ಮಕ್ಕಳ ಕೈಗೆ ಬಣ್ಣ ಹಚ್ಚಿ ಕೊಟ್ಟ ಬೂಸಾ ಬಗ್ಗೆ ಎಷ್ಟು ಮಾತಾಡಿದ್ದೇವೆ?

ಇನ್ನೂ ಕಹಿಯಾದ ಮಾತು ಉಳಿದಿದೆ. ನಮ್ಮ ನಾವೇ ಕೇಳಿಕೊಳ್ಳಬೇಕಾದದ್ದು. 1979ರಲ್ಲಿ ಅಮರ ಚಿತ್ರಕಥೆಯಲ್ಲಿ ಬಾಬಾಸಾಹೇಬರ ಪುಸ್ತಕವೂ ಬಂತು. ಏಪ್ರಿಲ್ 14 ಬಂದರೆ ಈಗ ನಮ್ಮ ಕೇರಿಗಳಲ್ಲೂ ಆಳೆತ್ತರದ ಕಟೌಟ್ ಏಳುತ್ತದೆ. ಆಕಾಶದಷ್ಟು ಎತ್ತರ ಬಾಬಾಸಾಹೇಬರು, ಕೆಳಗೆ ಇರುವೆಗಳಂತೆ ಜನ, ಅಂಚಿನಲ್ಲಿ ದುಡ್ಡು ಕೊಟ್ಟ ಪುಢಾರಿಯ ಮುಖ. ಅಂಬೇಡ್ಕರ್ ಬಂದರು, ನಮ್ಮನ್ನು ಬಿಡಿಸಿದರು, ಹೋದರು ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ಇದು ಫ್ಲ್ಯಾಶ್ ಗಾರ್ಡನ್ ಕಥೆಯಲ್ಲವೇ? ಬಂಗಾರದ ಕೂದಲಿನ ಬದಲು ನೀಲಿ ಕೋಟು ಹಾಕಿದರೆ ಪಾಯ ಬದಲಾಯಿತೇ?

1927ರ ಮಾರ್ಚ್ 20. ಮಹಾಡ್. ಚವದಾರ್ ಕೆರೆಗೆ ಅಂಬೇಡ್ಕರ್ ಒಬ್ಬರೇ ಹೋಗಲಿಲ್ಲ. ಸಾವಿರಾರು ಜನ ಸಾಲುಗಟ್ಟಿ ನಡೆದರು. ಎಷ್ಟೋ ಜನ ಬುತ್ತಿ ಕಟ್ಟಿಕೊಂಡು ದೂರದ ಹಳ್ಳಿಗಳಿಂದ ಬಂದವರು. ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣರು ಅವರ ಮೇಲೆ ಬಿದ್ದು ಹೊಡೆದರು. ಆ ಹೊಡೆತ ತಿಂದವರ ಹೆಸರು ನಮ್ಮ ಯಾವ ಕಟೌಟಿನಲ್ಲಿದೆ? ಸ್ವತಃ ಬಾಬಾಸಾಹೇಬರೇ ವ್ಯಕ್ತಿಪೂಜೆ ಬೇಡ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಅವರ ಮಾತು ಮರೆತು ಅವರಿಗೇ ಹಾರ ಹಾಕುತ್ತಿದ್ದೇವೆ.

6

ಯಾಕಿಷ್ಟು ಸಿಟ್ಟು ಎಂದರೆ, ಕಾಯುವುದಕ್ಕೆ ನಾವು ತೆತ್ತ ಬೆಲೆ ದೊಡ್ಡದು.

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳಗಿನ ಕೋರ್ಟಿನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಆ ಖುಲಾಸೆಯನ್ನೇ ಎತ್ತಿಹಿಡಿಯಿತು.

ನಮ್ಮ ಮೇಷ್ಟ್ರು ಗೆಳೆಯರೊಬ್ಬರು ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳಂತೆ: 'ಬಿಡಿಸೋಕೆ ಯಾರೂ ಬರ್ಲಿಲ್ವಾ ಸಾರ್?' ಮೇಷ್ಟ್ರಿಗೆ ಗಂಟಲು ಕಟ್ಟಿತು. ಉತ್ತರ ಹೇಳಲು ಆಗಲಿಲ್ಲ.

ಆ ಹುಡುಗಿಯ ತಪ್ಪಲ್ಲ. ಅವಳು ನೋಡಿದ ಕಾರ್ಟೂನು, ಸಿನಿಮಾ ಎಲ್ಲದರಲ್ಲೂ ಬೆಂಕಿ ಬಿದ್ದ ಮುಂದಿನ ಚೌಕದಲ್ಲಿ ಯಾರೋ ಬರುತ್ತಾರೆ. ಕಂಬಾಲಪಲ್ಲಿಯಲ್ಲಿ ಮುಂದಿನ ಚೌಕ ಇರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಕತ್ತಿ ಹಿಡಿದ ವೀರನಲ್ಲ, ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳುವ ಮನುಷ್ಯ. ಹಾಗೆ ಹೇಳುವವನು ನಾಳೆಯೂ ಅದೇ ಊರಲ್ಲಿ ಬದುಕಬೇಕು, ಅದೇ ಹೊಲಗಳಲ್ಲಿ ಕೂಲಿ ಮಾಡಬೇಕು. ಒಬ್ಬನೇ ಆದರೆ ಅವನು ಮುರಿಯುತ್ತಾನೆ. ಅವನ ಎಡಕ್ಕೆ ನೂರು ಜನ, ಬಲಕ್ಕೆ ನೂರು ಜನ ವರ್ಷಗಟ್ಟಲೆ ನಿಂತರೆ ಮುರಿಯದೆ ಉಳಿದಾನು. ಹೀಗೆ ನಿಲ್ಲುವುದನ್ನು ಕಲಿಸುವ ಒಂದು ಚಿತ್ರಕಥೆ ನಮ್ಮ ಮಕ್ಕಳ ಕೈಲಿದೆಯೇ? ಸಾಕ್ಷಿ ಹೇಳುವವನಿಗೆ ಒಂದಾದರೂ ಚೌಕ ಬರೆದಿದ್ದೇವೆಯೇ?

7

ಆಕಾಶದ ಕಥೆಯೇ ಬೇಡ, ನೆಲದ ಕಷ್ಟ ಬರೆಯಿರಿ ಎಂದು ಕೆಲವರು ಹೇಳಬಹುದು. ಅದು ನಮ್ಮ ಮಾತಲ್ಲ. ಆಕಾಶವನ್ನೂ ಧಣಿಗಳಿಗೆ ಬಿಟ್ಟುಕೊಡಲು ನಾವು ತಯಾರಿಲ್ಲ. ಅಷ್ಟಕ್ಕೂ ಆಕಾಶದ ಅಸಲು ಸಾಹಸ ನಡೆದದ್ದು ನಮ್ಮ ಗೌರಿಬಿದನೂರಿನಲ್ಲಿ.

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು. ಅಲ್ಲಿ 1976ರಿಂದ ಒಂದು ರೇಡಿಯೋ ದೂರದರ್ಶಕ ಕೆಲಸ ಶುರುಮಾಡಿತು. ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಗೋಳ ಭೌತ ಸಂಸ್ಥೆ ಎರಡೂ ಸೇರಿ ಕಟ್ಟಿದ್ದು. ದೂರದರ್ಶಕ ಎಂದರೆ ದೊಡ್ಡ ಕೊಳವೆ ಅಂದುಕೊಳ್ಳಬೇಡಿ. ಬಯಲಿನಲ್ಲಿ ಕಂಬ ನೆಟ್ಟು ತಂತಿ ಕಟ್ಟಿದ ಆಂಟೆನಾಗಳು, ಒಟ್ಟು 1000. ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಉದ್ದದ ಒಂದು ಸಾಲು, ಅದರಿಂದ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರು ಇನ್ನೊಂದು. ನೋಡೋಕೆ ಬಟ್ಟೆ ಒಣಹಾಕುವ ತಂತಿಯ ಹಾಗೆ. ಒಂದೊಂದೇ ಆಂಟೆನಾ ತಗೊಂಡರೆ ಅದರಿಂದ ಹೆಚ್ಚೇನೂ ತಿಳಿಯದು, ಎಲ್ಲ ದಿಕ್ಕಿನ ಗದ್ದಲವೂ ಒಟ್ಟಿಗೆ ಕೇಳುತ್ತದೆ. ಸಾವಿರಕ್ಕೂ ಸಿಕ್ಕಿದ್ದನ್ನು ತಂತಿಯಲ್ಲಿ ತಂದು ಲೆಕ್ಕಹಾಕಿ ಕೂಡಿಸಿದರೆ, ಸಿಡಿದು ಸತ್ತ ನಕ್ಷತ್ರದ ಸದ್ದು ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಆಂಟೆನಾಗಳು ಕತ್ತು ಹೊರಳಿಸುವುದೇ ಇಲ್ಲ. ಕೂಡಿಸುವ ಲೆಕ್ಕ ಬದಲಾಯಿಸಿದರೆ ನೋಟದ ದಿಕ್ಕು ಬದಲಾಗುತ್ತದೆ. ಅದರಲ್ಲಿ ಯಾವ ಕಂಬವೂ ನಾಯಕನಲ್ಲ. ಕಂಬ ನೆಡಲು ಗುಂಡಿ ತೋಡಿದವರ ಕೈಯೂ ಆ ನೋಟದಲ್ಲಿದೆ. ಈ ಕಥೆಯನ್ನು ಯಾವ ಕಾಮಿಕ್ಸ್‌ನವನು ಬರೆದ?

ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯ. ಬಡವರ ಮನೆ ಹುಡುಗ, ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಭೌತ ವಿಜ್ಞಾನ ಓದಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವ ಸಮಿತಿ ಕಟ್ಟಿದರು. ಶೂನ್ಯದಿಂದ ಬೂದಿ ತೆಗೆಯುವವರನ್ನು ಬಂದು ತೋರಿಸಿ ಎಂದು ಕರೆದರು. ಅವರು ಕಲಿಸಿದ್ದು ಕಾಯುವುದನ್ನಲ್ಲ, ಕೇಳುವುದನ್ನು.

ಇನ್ನೊಂದು ನೋಡಿ. ಬೆಂಗಳೂರು ಕಾವೇರಿ ಕುಡಿಯುತ್ತದೆ. ಕುಡಿದು ಬಳಸಿ ಬಿಟ್ಟ ಕೊಳಚೆಯನ್ನು ಎರಡು ಹಂತ ಸೋಸಿ, ಎಚ್.ಎನ್. ವ್ಯಾಲಿ ಯೋಜನೆಯ ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬಿಡುತ್ತಾರೆ. ವರ್ಷವಿಡೀ ಹರಿಯುವ ನದಿ ಇಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆ ನಮ್ಮದು. ಒಂದು ನಗರದ ಉಚ್ಛಿಷ್ಟ ಇನ್ನೊಂದು ಸೀಮೆಗೆ ಗಂಗೆ. ಇದಕ್ಕಿಂತ ವಿಚಿತ್ರವಾದ ಗ್ರಹ ಬೇಕೇ ಕಥೆಗೆ?

8

ಪಾಯ ಕಿತ್ತು ಬರೆಯಬಹುದು ಎನ್ನುವುದಕ್ಕೆ ಪುರಾವೆ ಇದೆ. 2011ರಲ್ಲಿ 'ಭೀಮಾಯಣ' ಎಂಬ ಚಿತ್ರಪುಸ್ತಕ ಬಂತು. ಚಿತ್ರ ಬರೆದವರು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೋಂಡ ಆದಿವಾಸಿ ಕಲಾವಿದರು. ಅವರು ಚೌಕಗಳನ್ನೇ ಒಪ್ಪಲಿಲ್ಲ. ಜನರನ್ನು ಡಬ್ಬಿಯೊಳಗೆ ಕೂಡಿಹಾಕುವುದಿಲ್ಲ ಎಂದರು. ಸೌಮ್ಯರ ಮಾತಿಗೆ ಹಕ್ಕಿಯ ಆಕಾರದ ಬಲೂನು, ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ. ಬಾಬಾಸಾಹೇಬರು ಅಲ್ಲಿ ಆಕಾಶದಿಂದ ಇಳಿಯುವುದಿಲ್ಲ. ನೀರು ಕೇಳುವ ಬಾಯಾರಿದ ಹುಡುಗನಾಗಿ ನೆಲದ ಮೇಲೇ ನಿಂತಿರುತ್ತಾರೆ.

ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಹತ್ತಿರ ಪ್ರೆಸ್ಸಿಲ್ಲ, ಬಂಡವಾಳವಿಲ್ಲ. ಸೀಮೆಸುಣ್ಣ ಇದೆ, ಮಕ್ಕಳಿದ್ದಾರೆ. ಶನಿವಾರ ಒಂದು ಗಂಟೆ ಕೊಡಿ. ಮಕ್ಕಳ ಕೈಲಿ ಒಂದು ಕಥೆ ಬರೆಸಿ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೊಟೊ ಬೆಲೆ ಬಿದ್ದ ದಿನ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಕೆರೆಗೆ ಬಂದ ಬೆಂಗಳೂರಿನ ನೀರು, ಬೇಕಾದರೆ ಮಂಗಳ ಗ್ರಹವೇ ಆಗಲಿ. ಷರತ್ತು ಮೂರೇ. ಹೊರಗಿನಿಂದ ಯಾರೂ ಬಂದು ಬಿಡಿಸಬಾರದು, ರಾಕೆಟ್ಟಿನಲ್ಲೂ ಇಲ್ಲ, ಜೀಪಿನಲ್ಲೂ ಇಲ್ಲ. ಯಾರೂ ಇನ್ನೊಬ್ಬರಿಗಿಂತ ದೊಡ್ಡದಾಗಿ ಚಿತ್ರದಲ್ಲಿ ಇರಬಾರದು. ಅಡಿಗೆ ಮಾಡಿದವರು, ಕಸ ಗುಡಿಸಿದವರು, ಸಾಕ್ಷಿ ಹೇಳಿದವರು ಚಿತ್ರದಲ್ಲಿ ಇರಲೇಬೇಕು, ಮುಖ ಸಮೇತ.

ವಿದ್ಯಾರ್ಥಿ ಗೆಳೆಯರೆ, ಮುಂದಿನ ಏಪ್ರಿಲ್ 14ಕ್ಕೆ ಕಟೌಟಿನ ದುಡ್ಡಿನಲ್ಲಿ ಅರ್ಧ ಈ ಹಾಳೆಗಳನ್ನು ಅಚ್ಚು ಹಾಕಲು ಎತ್ತಿಡಿ. ಪುಢಾರಿಯ ಮುಖ ಒಂದು ವರ್ಷ ಕಾಣದಿದ್ದರೆ ಯಾರೂ ಸಾಯುವುದಿಲ್ಲ.

ಫಿಲೇಚರ್‌ನಲ್ಲಿ ಬೆರಳು ಬೇಯಿಸಿಕೊಂಡ ನಮ್ಮ ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆವು. ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: 'ಅಣ್ಣ, ಮೊದಲ್ನೇ ಚೌಕ ನನ್ ಕೈದು ಬರೀರಿ. ಬರೀ ಕೈ. ಆಮೇಲಿಂದು ನಾನೇ ಹೇಳ್ತೀನಿ.'

ಬರೆಯುತ್ತಿದ್ದೇವೆ. ನೀವೂ ಬರೆಯಿರಿ.